ಟರ್ಫ್ ಸಿಗದ ದಿನಗಳ ಹಾಕಿ: ಮನೆಯಲ್ಲೇ ಮಕ್ಕಳಿಗೆ ಸ್ಟಿಕ್ ಚಳಕ ಕಲಿಸುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಹಾಕಿ ಕಲಿಯುತ್ತಿರುವ ಮಗುವಿಗೆ ನಿಜವಾದ ಹಾಕಿ ಟರ್ಫ್, ಅಂದರೆ ಹಾಕಿಗೆಂದೇ ಹಾಸಿದ ಕೃತಕ ಹಾಸಿನ ಮೇಲೆ ಆಡಲು ಸಿಗುವುದು ವಾರಕ್ಕೆ ಕೆಲವೇ ಗಂಟೆ. ಅಕ್ಕಿತಿಮ್ಮನಹಳ್ಳಿಯ ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ ಹಾಕಿ ಕ್ರೀಡಾಂಗಣದಲ್ಲಿ ಪಂದ್ಯಗಳಿದ್ದ ದಿನ ಅಭ್ಯಾಸಕ್ಕೆ ಜಾಗವಿರುವುದಿಲ್ಲ. ಭಾರತ ತಂಡದ ಶಿಬಿರಗಳು ನಡೆಯುವ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರ ಇದೇ ಊರಿನಲ್ಲಿದ್ದರೂ ಅದು ಎಲ್ಲ ಮಕ್ಕಳಿಗೂ ತೆರೆದಿರುವ ಅಂಗಳವಲ್ಲ. ಬಡಾವಣೆಗಳಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ‘ಟರ್ಫ್’ ಫುಟ್‌ಬಾಲ್ ಆಟಕ್ಕಾಗಿ ಹಾಸಿದ್ದು. ಅದರ ಉದ್ದ ಎಳೆಗಳ ನಡುವೆ ಹಾಕಿ ಚೆಂಡು ಸಿಕ್ಕಿಕೊಂಡು ಕುಪ್ಪಳಿಸುತ್ತದೆಯಾದ್ದರಿಂದ ಸ್ಟಿಕ್ ಚಳಕ ಕಲಿಯಲು ಅದಕ್ಕಿಂತ ಮನೆಯ ಮಹಡಿಯೇ ಮೇಲು.

ಮನೆಯಲ್ಲಿ ಕಲಿಯಬೇಕಾದದ್ದು ಯಾವುದು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಜೋರಾಗಿ ಹೊಡೆಯುವುದು, ದೂರ ಓಡುವುದು, ಪಾಸ್‌ಗಳ ಲೆಕ್ಕಾಚಾರ ಇವೆಲ್ಲ ಮೈದಾನದ ಪಾಠಗಳು. ಮನೆಯಲ್ಲಿ ಪಳಗಿಸಬೇಕಾದವು ಎರಡೇ: ಎಡಗೈ ಮಣಿಕಟ್ಟು ಮತ್ತು ತಲೆಯೆತ್ತಿ ಆಡುವ ಅಭ್ಯಾಸ. ಇವೆರಡನ್ನೂ ಪ್ರತಿದಿನ ಸ್ವಲ್ಪ ಸ್ವಲ್ಪವಾಗಿ ಮಾಡಿದರೆ ಮಾತ್ರ ಬರುತ್ತವೆ, ಮತ್ತು ಇಪ್ಪತ್ತು ಮಕ್ಕಳನ್ನು ಒಟ್ಟಿಗೆ ನೋಡಿಕೊಳ್ಳುವ ಕೋಚ್‌ಗೆ ಪ್ರತಿಯೊಂದು ಮಗುವಿನ ಮಣಿಕಟ್ಟಿನ ಮುಂದೆ ಕುಳಿತುಕೊಳ್ಳಲು ಬಿಡುವಿರುವುದಿಲ್ಲ.

ಮೊಬೈಲಿನಲ್ಲಿ ‘ಹಾಕಿ ಸ್ಟಿಕ್ ಅಭ್ಯಾಸ’ ಎಂದು ಹುಡುಕಿದರೆ ಐಸ್ ಹಾಕಿಯ ವಿಡಿಯೊಗಳೂ ಸಾಲಾಗಿ ಬರುತ್ತವೆ. ಚಳಿ ದೇಶಗಳ ಮಕ್ಕಳು ಐಸ್ ಸಿಗದ ದಿನ ಮನೆಯ ಗ್ಯಾರೇಜಿನಲ್ಲಿ ನುಣುಪಾದ ಪ್ಲಾಸ್ಟಿಕ್ ಹಲಗೆ ಹಾಸಿಕೊಂಡು, ಗಾಲ್ಫ್ ಚೆಂಡನ್ನೋ ಮರದ ಚೆಂಡನ್ನೋ ಆಡಿಸುತ್ತ ಕೈ ಪಳಗಿಸಿಕೊಳ್ಳುವ ಈ ಕ್ರಮ ಅನುಕರಣೀಯವೇ. ಆದರೆ ಅವರ ಕೈಚಲನೆಯನ್ನು ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ಐಸ್ ಹಾಕಿಯ ಸ್ಟಿಕ್ಕಿನ ಎರಡೂ ಬದಿಗಳಿಂದ ಪಕ್ ಅನ್ನು, ಅಂದರೆ ಆ ಆಟದಲ್ಲಿ ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆಯನ್ನು, ಮುಟ್ಟಬಹುದು. ನಮ್ಮ ಹಾಕಿಯಲ್ಲಿ ಸ್ಟಿಕ್ಕಿನ ಒಂದೇ ಬದಿ ಚಪ್ಪಟೆಯಾಗಿರುತ್ತದೆ, ಉಬ್ಬಿದ ಹಿಂಬದಿಗೆ ಚೆಂಡು ತಗುಲಿದರೆ ಫೌಲ್. ಹೀಗಾಗಿ ಚೆಂಡನ್ನು ಬಲದಿಂದ ಎಡಕ್ಕೂ ಎಡದಿಂದ ಬಲಕ್ಕೂ ಒಯ್ಯಬೇಕಾದರೆ ಪ್ರತಿ ಸಲವೂ ಸ್ಟಿಕ್ಕನ್ನೇ ಅರ್ಧ ಸುತ್ತು ತಿರುಗಿಸಬೇಕಾಗುತ್ತದೆ. ಜಗತ್ತು ಇಂದಿಗೂ ‘ಇಂಡಿಯನ್ ಡ್ರಿಬಲ್’ ಎಂದು ಕರೆಯುವುದು ಈ ತಿರುಗಿಸುವ ವಿದ್ಯೆಯನ್ನೇ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಮೊಹಮ್ಮದ್ ಶಾಹಿದ್ ಅವರ ಆಟದ ತುಣುಕುಗಳನ್ನು ಮಕ್ಕಳಿಗೆ ಒಮ್ಮೆ ತೋರಿಸಿದರೆ ಹತ್ತು ನಿಮಿಷದ ವಿವರಣೆ ಬೇಕಾಗುವುದಿಲ್ಲ. ಅದೇ ತಂಡದಲ್ಲಿ ನಮ್ಮ ಕೊಡಗಿನ ಎಂ. ಎಂ. ಸೋಮಯ್ಯ ಅವರೂ ಇದ್ದರು ಎಂಬುದನ್ನು ಜೊತೆಗೆ ಹೇಳುವುದರಲ್ಲಿ ತಪ್ಪಿಲ್ಲ.

ಜಾಗ ಮತ್ತು ನೆಲ

ನಿಂತಲ್ಲೇ ಮಾಡುವ ಅಭ್ಯಾಸಕ್ಕೆ ಆರು ಅಡಿ ಉದ್ದ, ಆರು ಅಡಿ ಅಗಲದ ಜಾಗ ಸಾಕು. ಚಲಿಸುತ್ತ ಮಾಡುವುದಕ್ಕೆ ಹನ್ನೆರಡು ಅಡಿ ಉದ್ದವಿದ್ದರೆ ಒಳ್ಳೆಯದು. ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಯ ತಾರಸಿಯಲ್ಲಿ ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ತಂತಿ, ಕುಂಡಗಳನ್ನು ಬಿಟ್ಟರೂ ಇಷ್ಟು ಜಾಗ ಸಿಗುತ್ತದೆ. ಆದರೆ ಸೋಲಾರ್ ವಾಟರ್ ಹೀಟರಿನ ಗಾಜಿನ ಕೊಳವೆಗಳಿರುವ ಕಡೆಗೆ ಮುಖ ಮಾಡಿ ಯಾವ ಅಭ್ಯಾಸವನ್ನೂ ಮಾಡಿಸಬಾರದು, ಪ್ಯಾರಾಪೆಟ್ ಗೋಡೆ ಮಗುವಿನ ಎದೆಮಟ್ಟಕ್ಕಿಂತ ಕೆಳಗಿದ್ದರೆ ತಾರಸಿಯ ಯೋಚನೆಯನ್ನೇ ಕೈಬಿಡಬೇಕು. ರಸ್ತೆಗೆ ಬಿದ್ದ ಚೆಂಡಿನ ಹಿಂದೆ ಮಗು ಓಡುವುದನ್ನು ತಡೆಯುವ ನಿಯಮವೊಂದನ್ನು ಮೊದಲ ದಿನವೇ ಮಾಡಿಡುವುದು ಕ್ಷೇಮ: ಚೆಂಡು ಕೆಳಗೆ ಬಿದ್ದರೆ ತರುವವರು ದೊಡ್ಡವರು.

ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಕಾರುಗಳಿಲ್ಲದ ಹೊತ್ತು ಅನುಕೂಲಕರ, ಆದರೆ ವಾಹನ ಓಡಾಡುವ ಇಳಿಜಾರಿನ ಹತ್ತಿರ ಬೇಡ. ಒರಟು ಕಾಂಕ್ರೀಟ್ ನೆಲದಲ್ಲಿ ಚೆಂಡು ಅಡ್ಡಾದಿಡ್ಡಿ ಪುಟಿಯುವುದರಿಂದ ಮಗು ತನಗರಿವಿಲ್ಲದೆ ಸ್ಟಿಕ್ಕನ್ನು ನೆಲದಿಂದ ಎತ್ತಿ ಆಡತೊಡಗುತ್ತದೆ. ಈ ಚಟ ಒಮ್ಮೆ ಅಂಟಿದರೆ ಟರ್ಫ್‌ನಲ್ಲಿ ಬಿಡಿಸಲು ತಿಂಗಳುಗಟ್ಟಲೆ ಬೇಕಾಗುತ್ತದೆ. ಆದ್ದರಿಂದ ಒರಟು ನೆಲದ ಮೇಲೆ ಹಳೆಯ ವಿನೈಲ್ ನೆಲಹಾಸಿನ ತುಂಡನ್ನು ಹಾಸಿ, ಅಂಚುಗಳನ್ನು ಟೇಪಿನಿಂದ ಅಂಟಿಸಬೇಕು. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲಕ್ಕಿಂತ ಉತ್ತಮವಾದ ಜಾಗ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಮನೆಯ ಹಿರಿಯರ ಒಪ್ಪಿಗೆ ಪಡೆಯುವುದು ಬೇರೆಯೇ ವಿದ್ಯೆ.

ಸ್ಟಿಕ್ ಮತ್ತು ಚೆಂಡು

ಸ್ಟಿಕ್ಕನ್ನು ಮಗುವಿನ ಪಕ್ಕದಲ್ಲಿ ನೇರವಾಗಿ ನಿಲ್ಲಿಸಿದಾಗ ಅದರ ತುದಿ ಸೊಂಟದ ಮೂಳೆಯ ಮಟ್ಟಕ್ಕೆ ಬರಬೇಕು. ‘ಬೆಳೆಯುವ ಮಗು, ಮುಂದಿನ ವರ್ಷಕ್ಕೂ ಆಗಲಿ’ ಎಂದು ಶಾಲೆಯ ಸಮವಸ್ತ್ರ ಕೊಳ್ಳುವ ಲೆಕ್ಕದಲ್ಲಿ ಉದ್ದದ ಸ್ಟಿಕ್ ಕೊಡಿಸುವುದು ಬಹಳ ಮನೆಗಳಲ್ಲಿ ನಡೆಯುತ್ತದೆ. ಉದ್ದ ಹೆಚ್ಚಾದರೆ ಹಿಡಿಕೆಯ ತುದಿ ಹೊಟ್ಟೆಗೆ ತಗುಲುತ್ತದೆ, ಮೊಣಕೈ ದೇಹಕ್ಕೆ ಅಂಟಿಕೊಳ್ಳುತ್ತದೆ, ಮಣಿಕಟ್ಟು ತಿರುಗುವುದಿಲ್ಲ. ಸ್ಪರ್ಧಾತ್ಮಕ ಆಟದಲ್ಲಿ ಸ್ಟಿಕ್ಕಿನ ತೂಕಕ್ಕೆ ನಿಯಮಗಳು ಹಾಕಿರುವ ಮಿತಿ 737 ಗ್ರಾಂ. ಮಕ್ಕಳಿಗೆ ಅದಕ್ಕಿಂತ ಬಹಳ ಹಗುರವಾದದ್ದೇ ಬೇಕು. ಎಡಗೈಯೊಂದರಲ್ಲೇ ಸ್ಟಿಕ್ಕನ್ನು ನೆಲಕ್ಕೆ ಸಮಾನಾಂತರವಾಗಿ ಎತ್ತಿ ಹತ್ತು ಎಣಿಸುವವರೆಗೆ ಹಿಡಿಯಲಾಗದಿದ್ದರೆ ಅದು ಆ ಮಗುವಿಗೆ ಭಾರವಾದ ಸ್ಟಿಕ್ ಎಂದೇ ತಿಳಿಯಬಹುದು.

ಮನೆಯ ಅಭ್ಯಾಸಕ್ಕೆ ದುಬಾರಿ ಕಾಂಪೊಸಿಟ್ ಸ್ಟಿಕ್ ಬಳಸಬೇಡಿ. ಕಾಂಕ್ರೀಟಿಗೆ ಉಜ್ಜಿ ಅದರ ತಲೆಭಾಗದ ಪದರ ಸವೆಯುತ್ತದೆ. ಜಲಂಧರಿನಂಥ ಊರುಗಳಲ್ಲಿ ತಯಾರಾಗುವ ಮರದ ಸ್ಟಿಕ್ಕೇ ಇದಕ್ಕೆ ಸರಿ. ಅದಕ್ಕೆ ಬಳಸುವುದು ಹಿಪ್ಪುನೇರಳೆ ಮರವನ್ನು. ತಲೆಭಾಗದ ಅಡಿಗೆ ಬಟ್ಟೆಯ ಟೇಪನ್ನು ಎರಡು ಸುತ್ತು ಸುತ್ತಿ, ಸವೆದಂತೆಲ್ಲ ಬದಲಿಸುತ್ತಿದ್ದರೆ ಸ್ಟಿಕ್ಕೂ ನೆಲವೂ ಉಳಿಯುತ್ತವೆ.

ಚೆಂಡಿನ ವಿಷಯದಲ್ಲಿ ಮೂರು ಹಂತಗಳಿವೆ. ಪಂದ್ಯದ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ, ಅದರ ಸುತ್ತಳತೆ 224ರಿಂದ 235 ಮಿಲಿಮೀಟರ್. ಗಟ್ಟಿಯಾದ ಈ ಚೆಂಡನ್ನು ಮಹಡಿಯ ಮೇಲೆ ಉರುಳಿಸಿದರೆ ಕೆಳಗಿನ ಮನೆಯವರಿಗೆ ನೆಮ್ಮದಿಯಿರುವುದಿಲ್ಲ. ಆರಂಭಕ್ಕೆ ಟೆನಿಸ್ ಚೆಂಡು ಸೂಕ್ತ. ಹಗುರವಾದ್ದರಿಂದ ಬಲವಾಗಿ ತಟ್ಟಿದರೆ ಓಡಿಹೋಗುತ್ತದೆ, ಹಾಗಾಗಿ ಮೃದುವಾಗಿ ಮುಟ್ಟುವುದನ್ನು ಅದೇ ಕಲಿಸುತ್ತದೆ. ಕೈ ಪಳಗಿದ ಮೇಲೆ ಗಾಲ್ಫ್ ಚೆಂಡನ್ನು ಕೊಡಬಹುದು, ಏಕೆಂದರೆ ಚಿಕ್ಕ ಚೆಂಡಿಗೆ ಸ್ಟಿಕ್ಕನ್ನು ಹೆಚ್ಚು ನಿಖರವಾಗಿ ತರಬೇಕಾಗುತ್ತದೆ. ಪಂದ್ಯದ ಚೆಂಡನ್ನು ನೆಲಮಹಡಿಯಲ್ಲಿ, ಶಿನ್ ಪ್ಯಾಡ್ ಮತ್ತು ಶೂ ಹಾಕಿಕೊಂಡು ಮಾತ್ರ ಆಡಿಸಬೇಕು. ಬರಿಗಾಲಿನಲ್ಲಿ ಯಾವ ಚೆಂಡಿನೊಂದಿಗೂ ಅಭ್ಯಾಸ ಬೇಡ.

ಮೊದಲ ಹಂತ: ಹಿಡಿತ

ಇಲ್ಲಿ ಒಂದು ವಾರ ಕಳೆದರೂ ನಷ್ಟವಿಲ್ಲ. ಎಡಗೈ ಹಿಡಿಕೆಯ ಮೇಲ್ತುದಿಯಲ್ಲಿರಬೇಕು, ಬಲಗೈ ಅದಕ್ಕಿಂತ ಒಂದು ಗೇಣಿಗೂ ಸ್ವಲ್ಪ ಹೆಚ್ಚು ಕೆಳಗೆ. ಸ್ಟಿಕ್ಕನ್ನು ತಿರುಗಿಸುವ ಕೆಲಸವೆಲ್ಲ ಎಡಗೈಯದು; ಬಲಗೈ ಕಡೆಗೋಲನ್ನು ಕಂಬಕ್ಕೆ ಸೇರಿಸಿ ಹಿಡಿಯುವ ಕುಣಿಕೆಯಂತೆ ಸಡಿಲವಾಗಿದ್ದು, ಸ್ಟಿಕ್ ತನ್ನೊಳಗೆ ತಿರುಗಲು ಬಿಟ್ಟುಕೊಡಬೇಕು. ಬಲಗೈ ಬಳಕೆಯ ಮಕ್ಕಳು ಬಲಗೈಯಿಂದಲೇ ಎಲ್ಲವನ್ನೂ ಮಾಡಲು ಹೋಗುವುದು ಸಹಜವಾದ ಕಾರಣ, ಈ ಒಂದು ಅಂಶವನ್ನು ಪೋಷಕರು ಪ್ರತಿದಿನವೂ ನೋಡುತ್ತಿರಬೇಕು. ಎಡಚ ಮಕ್ಕಳಿಗೆ ಬೇರೆ ಸ್ಟಿಕ್ ಬೇಕೇ ಎಂದು ಕೇಳುವವರಿದ್ದಾರೆ. ಈ ಆಟದಲ್ಲಿ ಎಡಚರ ಸ್ಟಿಕ್ಕಿಗೆ ಅವಕಾಶವೇ ಇಲ್ಲ, ಮತ್ತು ದುಡಿಯುವ ಕೈ ಎಡಗೈಯೇ ಆದ್ದರಿಂದ ಅವರಿಗೆ ಅದೊಂದು ಅನುಕೂಲವೂ ಹೌದು.

ಹಿಡಿತ ಸರಿಯಿದೆಯೇ ಎಂದು ಪರೀಕ್ಷಿಸುವ ವಿಧಾನ ಹೀಗಿದೆ. ಮಗು ಎಡಗೈಯೊಂದರಲ್ಲೇ ಸ್ಟಿಕ್ ಹಿಡಿದು, ತಲೆಭಾಗವನ್ನು ತನ್ನ ಮುಂದೆ ನೆಲಕ್ಕೆ ತಾಗಿಸಲಿ. ಚಪ್ಪಟೆ ಮುಖ ಎಡಕ್ಕೆ ನೋಡುತ್ತಿರಲಿ, ಬಾಗಿದ ತುದಿ ಮುಂದಕ್ಕೆ ಚಾಚಿರಲಿ. ಈಗ ಬೆರಳುಗಳನ್ನು ಸಡಿಲಿಸದೆ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಮಣಿಕಟ್ಟನ್ನು ಅರ್ಧ ಸುತ್ತು ತಿರುಗಿಸಲಿ. ತುದಿ ಮಗುವಿನ ಕಡೆಗೆ ಬಂದು, ಚಪ್ಪಟೆ ಮುಖ ಬಲಕ್ಕೆ ತಿರುಗಿದರೆ ಹಿಡಿತ ಸರಿಯಾಗಿದೆ. ಅರ್ಧದಲ್ಲೇ ಮಣಿಕಟ್ಟು ಬಿಗಿದುಕೊಂಡರೆ, ಅಥವಾ ಮಧ್ಯದಲ್ಲಿ ಹಿಡಿತ ಬದಲಿಸಬೇಕಾಗಿ ಬಂದರೆ, ಎಡಗೈಯನ್ನು ಹಿಡಿಕೆಯ ಸುತ್ತ ಸ್ವಲ್ಪ ಸ್ವಲ್ಪವೇ ಸರಿಸಿ ಮತ್ತೆ ಪರೀಕ್ಷಿಸಬೇಕು. ಎಡಗೈ ಹೆಬ್ಬೆರಳನ್ನು ಹಿಡಿಕೆಯ ಉದ್ದಕ್ಕೆ ನೀಟಾಗಿ ಚಾಚಿಡುವುದು ಸಾಮಾನ್ಯವಾಗಿ ಕಾಣುವ ತಪ್ಪು. ಅದು ಹಿಡಿಕೆಯನ್ನು ಸುತ್ತಿಕೊಂಡಿರಬೇಕು.

ನಿಲುವಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪಾದಗಳು ಭುಜದಗಲಕ್ಕಿಂತ ತುಸು ಹೆಚ್ಚು ದೂರದಲ್ಲಿರಲಿ, ಬಾಗುವುದು ಮೊಣಕಾಲಿನಿಂದ ಆಗಲಿ, ಎಡ ಮೊಣಕೈ ದೇಹದಿಂದ ದೂರವಿರಲಿ. ಬೆನ್ನು ಗೂನಾಗಿಸಿ ಚೆಂಡನ್ನೇ ದಿಟ್ಟಿಸುವ ಮಗುವಿಗೆ ಮೊಣಕಾಲು ಬಾಗಿಸಲು ಹೇಳಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಎರಡನೆಯ ಹಂತ: ಚೆಂಡಿಲ್ಲದೆ, ನಂತರ ಚೆಂಡಿನೊಂದಿಗೆ

ಮೊದಲ ಕೆಲವು ದಿನ ಚೆಂಡೇ ಇಲ್ಲದೆ, ಮೇಲೆ ಹೇಳಿದ ಅರ್ಧ ಸುತ್ತನ್ನು ಎಡಗೈಯಿಂದ ಇಪ್ಪತ್ತು ಬಾರಿ, ನಡುವೆ ವಿರಾಮ ಕೊಟ್ಟು ಮೂರು ಸಲ ಮಾಡಿಸಬೇಕು. ಏಳೆಂಟು ವರ್ಷದ ಮಕ್ಕಳಿಗೆ ಕೈ ಸೋಲುತ್ತದೆ. ಅವರು ಬಲಗೈಯ ಆಸರೆ ಪಡೆಯಲಿ, ಅಥವಾ ಎಡಗೈಯನ್ನು ಹಿಡಿಕೆಯಲ್ಲಿ ಸ್ವಲ್ಪ ಕೆಳಗೆ ಹಿಡಿಯಲಿ. ಇದು ಬೇಸರ ತರುವ ಅಭ್ಯಾಸವೆಂಬುದು ನಿಜ, ಆದ್ದರಿಂದ ಇದಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ.

ಬಳಿಕ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಅಡಿ ಅಂತರದಲ್ಲಿ ಎರಡು ಗೆರೆ ಎಳೆದು, ಮಗುವನ್ನು ಅವುಗಳ ಮುಂದೆ ನಿಲ್ಲಿಸಿ. ಚೆಂಡು ಪಾದಗಳಿಂದ ಸುಮಾರು ಒಂದೂವರೆ ಅಡಿ ಮುಂದಿರಲಿ. ಫೋರ್‌ಹ್ಯಾಂಡಿನಿಂದ, ಅಂದರೆ ಚಪ್ಪಟೆ ಮುಖ ಎಡಕ್ಕಿರುವ ಸಹಜ ಹಿಡಿತದಿಂದ, ಚೆಂಡನ್ನು ಬಲಗೆರೆಯಿಂದ ಎಡಗೆರೆಗೆ ಎಳೆದು, ಸ್ಟಿಕ್ಕನ್ನು ಚೆಂಡಿನ ಮೇಲಿಂದ ದಾಟಿಸಿ ತಿರುಗಿಸಿ, ರಿವರ್ಸ್ ಬದಿಯಿಂದ (ತಿರುಗಿಸಿದ ಸ್ಟಿಕ್ಕಿನ ಅದೇ ಚಪ್ಪಟೆ ಮುಖದಿಂದ) ಅದನ್ನು ಗೆರೆಯ ಮೇಲೆಯೇ ತಡೆದು ಮತ್ತೆ ಬಲಕ್ಕೆ ಎಳೆಯಬೇಕು. ಸ್ಟಿಕ್ ಚೆಂಡನ್ನು ದಾಟುವಾಗ ಅಗತ್ಯಕ್ಕಿಂತ ಮೇಲೇಳಬಾರದು. ಚೆಂಡಿನ ನೆತ್ತಿಗೆ ಒಂದು ಬೆರಳಿನ ಅಂತರ ಸಾಕು.

ಈ ಹಂತದಲ್ಲಿ ಕಣ್ಣಿಗಿಂತ ಕಿವಿ ಒಳ್ಳೆಯ ಪರೀಕ್ಷಕ. ಮಗು ಚೆಂಡನ್ನು ಬಡಿಯುತ್ತಿದ್ದರೆ ‘ಟಕ್ ಟಕ್’ ಎಂಬ ಸದ್ದು ಪಕ್ಕದ ಕೋಣೆಗೂ ಕೇಳುತ್ತದೆ. ಸ್ಟಿಕ್ಕನ್ನು ಚೆಂಡಿಗೆ ತಾಗಿಸಿ ಎಳೆಯುತ್ತಿದ್ದರೆ ಉರುಳುವ ಸದ್ದು ಮಾತ್ರ ಉಳಿಯುತ್ತದೆ. ಅಡುಗೆಮನೆಯಲ್ಲಿದ್ದುಕೊಂಡೇ ಅಮ್ಮನೋ ಅಜ್ಜಿಯೋ ಮಗುವಿನ ಆಟವನ್ನು ತಿದ್ದಬಹುದು. ಸದ್ದಿಲ್ಲದೆ ಮೂವತ್ತು ಬಾರಿ ಗೆರೆಗಳ ನಡುವೆ ಚೆಂಡನ್ನು ಆಡಿಸಲು ಬಂದ ಮೇಲೆ ಗೆರೆಗಳ ಅಂತರವನ್ನು ಮೂರು ಅಡಿಗೆ ಹೆಚ್ಚಿಸಬೇಕು. ಆಗ ಕೈಯೊಂದೇ ಸಾಲದೆ, ದೇಹದ ಭಾರವನ್ನು ಬಲಗಾಲಿನಿಂದ ಎಡಗಾಲಿಗೆ, ಎಡಗಾಲಿನಿಂದ ಬಲಗಾಲಿಗೆ ವರ್ಗಾಯಿಸುವುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಈ ಹಂತ ಮುಗಿಯುವ ಮೊದಲು ವೇಗದ ಮಾತೆತ್ತಬಾರದು. ಮಕ್ಕಳು ಒಬ್ಬರನ್ನೊಬ್ಬರು ನೋಡಿ ವೇಗಕ್ಕೆ ಬೀಳುತ್ತಾರೆ, ವೇಗದಲ್ಲಿ ಎಳೆಯುವುದು ಮರೆತು ಬಡಿಯತೊಡಗುತ್ತಾರೆ, ಅಲ್ಲಿಗೆ ಎರಡು ವಾರದ ಶ್ರಮ ಹೋಯಿತು.

ಮೂರನೆಯ ಹಂತ: ತಲೆಯೆತ್ತಿ ಆಡುವುದು

ಅಭ್ಯಾಸದಲ್ಲಿ ಸೊಗಸಾಗಿ ಡ್ರಿಬಲ್ ಮಾಡುವ ಎಷ್ಟೋ ಮಕ್ಕಳು ಪಂದ್ಯದಲ್ಲಿ ಚೆಂಡು ಕಳೆದುಕೊಳ್ಳುವುದಕ್ಕೆ ಕಾರಣ ಕೈಯಲ್ಲಿರುವುದಿಲ್ಲ, ಕಣ್ಣಿನಲ್ಲಿರುತ್ತದೆ. 91.4 ಮೀಟರ್ ಉದ್ದ, 55 ಮೀಟರ್ ಅಗಲದ ಮೈದಾನದಲ್ಲಿ ಜೊತೆಗಾರ ಎಲ್ಲಿದ್ದಾನೆ, ಎದುರಾಳಿ ಯಾವ ಕಡೆಯಿಂದ ಬರುತ್ತಿದ್ದಾನೆ ಎಂಬುದು ಚೆಂಡನ್ನೇ ನೋಡುತ್ತಿರುವವನಿಗೆ ತಿಳಿಯುವುದಿಲ್ಲ. ಇದನ್ನು ಕಲಿಸಲು ಟರ್ಫ್ ಬೇಕಾಗಿಯೇ ಇಲ್ಲ.

ಒಂದು ಅಡಿಯ ಗೆರೆಗಳ ನಡುವಿನ ಅಭ್ಯಾಸಕ್ಕೇ ಮಗುವನ್ನು ಹಿಂದಿರುಗಿಸಿ, ಮೂರು ಮೀಟರ್ ದೂರದಲ್ಲಿ ದೊಡ್ಡವರೊಬ್ಬರು ನಿಂತು ಆಗಾಗ ಬೆರಳುಗಳನ್ನು ತೋರಿಸಬೇಕು. ಮಗು ಚೆಂಡನ್ನು ಆಡಿಸುತ್ತಲೇ ಎಷ್ಟು ಬೆರಳು ಎಂದು ಹೇಳಬೇಕು. ಆಮೇಲೆ ಎರಡೂ ಕೈಗಳ ಬೆರಳುಗಳನ್ನು ಕೂಡಿಸಿ ಹೇಳಲಿ. ಸುಲಭವಾದರೆ ಮಗ್ಗಿ ಒಪ್ಪಿಸಲಿ. ತಾರಸಿಯಲ್ಲಾದರೆ ಕೆಳಗಿನ ಬೀದಿಯಲ್ಲಿ ಹೋಗುವ ಗಾಡಿಗಳ ಬಣ್ಣ ಹೇಳುವ ಆಟ ಆಡಿಸಬಹುದು, ಆಟೋ ಬಂದರೆ ಎರಡು ಅಂಕ. ಚೆಂಡನ್ನು ಎಂದಿಗೂ ನೋಡಲೇಬಾರದು ಎಂದು ಹೇಳುವುದು ತಪ್ಪು; ಅನುಭವಿ ಆಟಗಾರರೂ ನೋಡುತ್ತಾರೆ, ಆದರೆ ಕ್ಷಣಮಾತ್ರ ನೋಡಿ ಮತ್ತೆ ತಲೆಯೆತ್ತುತ್ತಾರೆ. ಕತ್ತನ್ನು ನೆಟ್ಟಗಿಟ್ಟುಕೊಂಡು ದೃಷ್ಟಿಯ ಕೆಳ ಅಂಚಿನಲ್ಲಿ ಚೆಂಡಿನ ಚಲನೆಯನ್ನು ಗ್ರಹಿಸುವುದೇ ಇಲ್ಲಿ ರೂಢಿಯಾಗಬೇಕಾದದ್ದು. ನೆಲಕ್ಕಿಂತ ತೀರಾ ಭಿನ್ನವಾದ ಬಣ್ಣದ ಚೆಂಡನ್ನು ಬಳಸಿದರೆ ಇದು ಬೇಗ ಕೈಗೂಡುತ್ತದೆ.

ನಾಲ್ಕನೆಯ ಹಂತ: ಚಲಿಸುತ್ತ ಆಡುವುದು

ಖಾಲಿ ನೀರಿನ ಬಾಟಲಿಗಳಿಗೆ ಸ್ವಲ್ಪ ಮರಳು ತುಂಬಿ, ಎರಡೆರಡು ಅಡಿ ಅಂತರದಲ್ಲಿ ಆರನ್ನು ಸಾಲಾಗಿ ನಿಲ್ಲಿಸಿ, ಅವುಗಳ ನಡುವೆ ಚೆಂಡನ್ನು ಹಾವಿನ ನಡೆಯಲ್ಲಿ ಒಯ್ಯುವುದು ಎಲ್ಲರಿಗೂ ಗೊತ್ತಿರುವ ಅಭ್ಯಾಸ. ಆದರೆ ಸಮ ಅಂತರದ ಸಾಲನ್ನು ಮಗು ನಾಲ್ಕೈದು ದಿನಗಳಲ್ಲಿ ಬಾಯಿಪಾಠ ಮಾಡಿಕೊಳ್ಳುತ್ತದೆ. ಆ ಮೇಲೆ ಬಾಟಲಿಗಳನ್ನು ಅಡ್ಡಾದಿಡ್ಡಿಯಾಗಿ ಇಟ್ಟು, ಪ್ರತಿ ಸುತ್ತಿಗೂ ಜಾಗ ಬದಲಿಸಬೇಕು. ಚೆಂಡು ಕಾಲಿಗೆ ತಗುಲಿದರೆ ಮೊದಲಿನಿಂದ ಆರಂಭಿಸಬೇಕು ಎಂಬ ನಿಯಮ ಕಡ್ಡಾಯವಾಗಿರಲಿ, ಏಕೆಂದರೆ ಪಂದ್ಯದಲ್ಲಿ ಅದು ಫೌಲ್ ಆಗುವ ಸಂದರ್ಭವೇ ಹೆಚ್ಚು.

ಎರಡು ಇಟ್ಟಿಗೆಗಳನ್ನು ನಾಲ್ಕು ಅಡಿ ದೂರದಲ್ಲಿಟ್ಟು ಅವುಗಳ ಸುತ್ತ ಇಂಗ್ಲಿಷ್ ಎಂಟರ ಆಕಾರದಲ್ಲಿ ಚೆಂಡನ್ನು ಸುತ್ತಿಸುವುದು ಇದಕ್ಕಿಂತ ಕಠಿಣ, ಹೆಚ್ಚು ಫಲಕಾರಿ ಕೂಡ. ಒಂದು ಇಟ್ಟಿಗೆಯ ಸುತ್ತ ಫೋರ್‌ಹ್ಯಾಂಡ್ ಕೆಲಸ ಮಾಡಿದರೆ ಇನ್ನೊಂದರ ಸುತ್ತ ರಿವರ್ಸ್ ಬೇಕಾಗುತ್ತದೆ, ಮತ್ತು ರಿವರ್ಸ್‌ನಿಂದ ತಪ್ಪಿಸಿಕೊಳ್ಳಲು ಮಗು ತಾನೇ ಚೆಂಡಿನ ಸುತ್ತ ಓಡಿ ಬರುವುದು ಇಲ್ಲಿ ತಕ್ಷಣ ಬಯಲಾಗುತ್ತದೆ.

ಎದುರಾಳಿಯನ್ನು ದಾಟುವ ಡಾಡ್ಜ್ ಅಭ್ಯಾಸಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ ಸಾಕು. ಎದುರು ನಿಂತ ಆಟಗಾರನಿಗೆ ಅವನ ಎಡಬದಿ, ಅಂದರೆ ರಿವರ್ಸ್ ಬದಿ, ದುರ್ಬಲ. ನಮ್ಮ ಕಡೆಯಿಂದ ನೋಡಿದರೆ ಅದು ನಮ್ಮ ಬಲಕ್ಕಿರುತ್ತದೆ. ಹಾಗಾಗಿ ಚೆಂಡನ್ನು ಮೊದಲು ಎಡಕ್ಕೆ ಒಯ್ಯುವಂತೆ ತೋರಿಸಿ, ರಿವರ್ಸ್‌ನಿಂದ ಥಟ್ಟನೆ ಬಲಕ್ಕೆ ಎಳೆದು, ಫೋರ್‌ಹ್ಯಾಂಡಿನಿಂದ ಮುಂದೆ ತಳ್ಳಿ ದಾಟುವುದನ್ನು ಕಲಿಸಬೇಕು. ಕುರ್ಚಿಗೆ ತೀರಾ ಹತ್ತಿರ ಹೋಗಿ ಡಾಡ್ಜ್ ಆರಂಭಿಸುವ ಮಗು ಪಂದ್ಯದಲ್ಲಿ ಎದುರಾಳಿಯ ಸ್ಟಿಕ್ಕಿಗೆ ಸಿಕ್ಕಿಬೀಳುತ್ತದೆ. ತೋಳು ಮತ್ತು ಸ್ಟಿಕ್ ಸೇರಿದ ಅಳತೆ, ಸುಮಾರು ಎರಡು ಮೀಟರ್, ಬಾಕಿಯಿರುವಾಗಲೇ ಚೆಂಡು ದಿಕ್ಕು ಬದಲಿಸಬೇಕು. ಆ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದುಬಿಡಿ.

ಭಾರತ ತಂಡದಲ್ಲಿ ಆಡಿದ ಸೋಮವಾರಪೇಟೆಯ ಎಸ್. ವಿ. ಸುನಿಲ್ ಅವರ ಓಟವನ್ನು ಮೆಚ್ಚುವ ಮಕ್ಕಳು ವೇಗವಾಗಿ ಓಡುತ್ತ ಡ್ರಿಬಲ್ ಮಾಡಬಯಸುತ್ತಾರೆ. ತೆರೆದ ಜಾಗದಲ್ಲಿ ವೇಗವಾಗಿ ಓಡುವಾಗ ಚೆಂಡನ್ನು ಬಲ ಮುಂಭಾಗದಲ್ಲಿಟ್ಟು ಮುಂದೆ ತಳ್ಳುತ್ತ ಹೋಗುತ್ತಾರೆಯೇ ಹೊರತು ಹೆಜ್ಜೆಹೆಜ್ಜೆಗೂ ಸ್ಟಿಕ್ ತಿರುಗಿಸುವುದಿಲ್ಲ. ಅದಕ್ಕೆ ಜಾಗ ಬೇಕು. ಮನೆಯಲ್ಲಿ ಪ್ರಯತ್ನಿಸುವುದು ಬೇಡ.

ಐದನೆಯ ಹಂತ: ಗೋಡೆಯ ಜೊತೆಗಾರಿಕೆ

ಕಾಂಪೌಂಡ್ ಗೋಡೆಯಿಂದ ಮೂರು ಮೀಟರ್ ದೂರದಲ್ಲಿ ನಿಂತು ಟೆನಿಸ್ ಚೆಂಡನ್ನು ಪುಶ್ ಮಾಡಿ (ಸ್ಟಿಕ್ ಬೀಸದೆ, ತಾಗಿಸಿ ತಳ್ಳಿ), ಮರಳಿ ಬಂದದ್ದನ್ನು ತಡೆಯುವುದು ಒಬ್ಬಂಟಿ ಮಗುವಿಗೆ ದೊರೆಯುವ ಅತ್ಯುತ್ತಮ ಅಭ್ಯಾಸ. ತಡೆಯುವಾಗ ಹಿಡಿಕೆ ತಲೆಭಾಗಕ್ಕಿಂತ ಮುಂದಕ್ಕೆ ವಾಲಿರಬೇಕು, ಇಲ್ಲದಿದ್ದರೆ ಚೆಂಡು ಸ್ಟಿಕ್ಕನ್ನೇರಿ ಮುಖದತ್ತ ಪುಟಿಯುತ್ತದೆ. ಚೆಂಡು ತಗುಲುವ ಗಳಿಗೆಯಲ್ಲಿ ಕೈಗಳು ಸ್ವಲ್ಪ ಹಿಂದೆ ಸರಿದು ಅದರ ರಭಸವನ್ನು ಹೀರಿಕೊಳ್ಳಬೇಕು. ಹತ್ತು ಬಾರಿ ಫೋರ್‌ಹ್ಯಾಂಡಿನಲ್ಲಿ ತಡೆದರೆ ಐದು ಬಾರಿಯಾದರೂ ರಿವರ್ಸ್‌ನಲ್ಲಿ ತಡೆಯಲಿ. ಗೋಡೆ ಪಕ್ಕದ ಮನೆಯವರಿಗೂ ಸೇರಿದ್ದಾದರೆ ಮಧ್ಯಾಹ್ನದ ನಿದ್ದೆಯ ಹೊತ್ತನ್ನು ಬಿಟ್ಟು ಬೇರೆ ಸಮಯ ಆರಿಸಿಕೊಳ್ಳಬೇಕು.

ಸ್ಟಿಕ್ಕಿನ ಚಪ್ಪಟೆ ಮುಖದ ಮೇಲೆ ಚೆಂಡನ್ನು ಪುಟಿಸುವ ಜಗ್ಲಿಂಗ್ ಮಕ್ಕಳಿಗೆ ಪ್ರಿಯ, ಕೈಯ ಸೂಕ್ಷ್ಮತೆಗೆ ಒಳ್ಳೆಯದೂ ಹೌದು. ಕೊನೆಯ ಎರಡು ನಿಮಿಷದ ಬಹುಮಾನವಾಗಿ ಅದನ್ನು ಇಟ್ಟುಕೊಂಡರೆ ಸಾಕು.

ಸಮಯ, ಎಚ್ಚರಿಕೆ, ಟರ್ಫ್‌ಗೆ ಮರಳುವುದು

ಎಂಟು ವರ್ಷದೊಳಗಿನವರಿಗೆ ದಿನಕ್ಕೆ ಹತ್ತು ನಿಮಿಷ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಹದಿನೈದರಿಂದ ಇಪ್ಪತ್ತು ನಿಮಿಷ, ವಾರಕ್ಕೆ ಐದು ದಿನ ಎಂದಿಟ್ಟುಕೊಳ್ಳಬಹುದು. ಭಾನುವಾರ ಎರಡು ಗಂಟೆ ಒಟ್ಟಿಗೆ ಮಾಡಿಸಿದರೆ ಮಣಿಕಟ್ಟು ನೋಯುತ್ತದೆಯೇ ವಿನಾ ಪಳಗುವುದಿಲ್ಲ. ಎಡ ಮಣಿಕಟ್ಟಿನಲ್ಲಾಗಲಿ ಸೊಂಟದ ಮೇಲ್ಭಾಗದಲ್ಲಾಗಲಿ ನೋವು ಎಂದರೆ ಅಂದೇ ನಿಲ್ಲಿಸಿ, ಮರುದಿನವೂ ಉಳಿದಿದ್ದರೆ ವೈದ್ಯರಿಗೆ ತೋರಿಸಬೇಕು. ಏಪ್ರಿಲ್‌ನಲ್ಲಿ ತಾರಸಿ ಬೆಳಿಗ್ಗೆ ಒಂಬತ್ತಕ್ಕೇ ಕಾಯುತ್ತದೆ. ಸಂಜೆ ಮಳೆಯಾದ ದಿನ ಪಾಚಿ ಕಟ್ಟಿದ ನೆಲದಲ್ಲಿ ಕಾಲಿಡುವುದು ಅಪಾಯ, ಅಂದು ಹಜಾರದಲ್ಲಿ ಚೆಂಡಿಲ್ಲದ ಮಣಿಕಟ್ಟಿನ ಅಭ್ಯಾಸವಷ್ಟೇ ಸಾಕು. ತಿಂಗಳಿಗೊಮ್ಮೆ ಮಗುವಿನ ಅರ್ಧ ನಿಮಿಷದ ಆಟವನ್ನು ಎದುರಿನಿಂದ ಚಿತ್ರೀಕರಿಸಿಡಿ. ಎಷ್ಟು ಬಾರಿ ಚೆಂಡು ಗೆರೆ ದಾಟಿತು ಎಂಬುದಕ್ಕಿಂತ ಎಷ್ಟು ಬಾರಿ ಮಗುವಿನ ಕಣ್ಣುಗಳು ಕ್ಯಾಮೆರಾ ಕಡೆಗೆ ಕಂಡವು ಎಂದು ಎಣಿಸುವುದು ಉಪಯುಕ್ತ.

ಮನೆಯಲ್ಲಿ ಕಲಿತದ್ದು ಟರ್ಫ್ ಮೇಲೆ ಮೊದಲ ದಿನವೇ ಕಾಣದಿದ್ದರೆ ಗಾಬರಿಪಡಬೇಕಾಗಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆದಾಗ ಹುಲ್ಲಿನಂಗಳದಲ್ಲಿ ಪಳಗಿದ್ದ ನಮ್ಮ ಆಟಗಾರರೇ ಒದ್ದಾಡಿದ್ದರು. ನೀರು ಹಾಯಿಸಿದ ಟರ್ಫ್ ಮೇಲೆ ಗಟ್ಟಿ ಚೆಂಡು ಟೆನಿಸ್ ಚೆಂಡಿಗಿಂತ ನೇರವಾಗಿ, ವೇಗವಾಗಿ ಜಾರುತ್ತದೆ. ಭಾರ ಹೆಚ್ಚಿರುವುದರಿಂದ ಎಳೆಯುವಾಗ ಬಲಗೈ ತಾನಾಗಿ ಬಿಗಿಯಾಗಲು ನೋಡುತ್ತದೆ. ಮೈದಾನಕ್ಕೆ ಹದಿನೈದು ನಿಮಿಷ ಮುಂಚಿತವಾಗಿ ಹೋಗಿ, ಅಂಚಿನಲ್ಲಿ ನಿಂತು ಒಂದು ಅಡಿಯ ಗೆರೆಗಳ ಅಭ್ಯಾಸವನ್ನು ಪಂದ್ಯದ ಚೆಂಡಿನೊಂದಿಗೆ ಮಾಡಿಕೊಂಡರೆ ಈ ವ್ಯತ್ಯಾಸಕ್ಕೆ ಕೈ ಹೊಂದಿಕೊಳ್ಳುತ್ತದೆ. ಹಿಡಿತದ ಬಗ್ಗೆ ಕೋಚ್ ಬೇರೆ ಸೂಚನೆ ಕೊಟ್ಟಿದ್ದರೆ ಮನೆಯಲ್ಲೂ ಅದನ್ನೇ ಪಾಲಿಸಬೇಕು, ಏಕೆಂದರೆ ಒಂದೇ ಮಣಿಕಟ್ಟಿಗೆ ಇಬ್ಬರು ಗುರುಗಳ ಎರಡು ಹಿಡಿತ ಕಲಿಸಿದರೆ ಎರಡೂ ನಿಲ್ಲುವುದಿಲ್ಲ.